ಸ್ಕೂಟರಿನ ನಡುವೆ ಕೂತವಳು

ಹರದನಹಳ್ಳಿ ಧರ್ಮೇಂದ್ರನಿಗೆ ಟ್ರಾಫಿಕ್ ದಂಡದ ಚಿಂತೆ ಇರಲಿಲ್ಲ ಕಣ್ರೀ. ಹೆಂಡತಿ ಮುನಿಸಿಕೊಂಡು ರಾಮನಾಥಪುರದ ತೌರು ಸೇರಿದ್ದಳಲ್ಲ, ಅದೇ ಚಿಂತೆ.

ಆಗಿದ್ದಿಷ್ಟು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹಾಸನದಲ್ಲಿರೋ ತಂಗಿ ಧನ್ಯಾ ಮನೇಲಿ ಲಕ್ಷ್ಮಿ ಕೂರಿಸಬೇಕಿತ್ತು. ಹೆಂಡತಿ ಯಶಸ್ವಿನಿಗೂ ಈ ನಾದಿನಿಗೂ ಮಾತಿಲ್ಲ, ಕತೆಯಿಲ್ಲ. ಅದಕ್ಕೇ ಮನೇಲಿ ಮೋಟಾರ್ ರಿಪೇರಿ ಅಂತ ಸುಳ್ಳು ಬಿಟ್ಟು ಹಾಸನಕ್ಕೆ ಹೋದ. ಅಲಂಕಾರದ ಅಂಗಡಿಯಲ್ಲಿ ಲಕ್ಷ್ಮಿ ಬೊಂಬೆಗೆ ಮುಖವಾಡ ಕಟ್ಟಿಸಿ, ಸೀರೆ ಉಡಿಸಿ, ಜಡೆ ಇಳಿಬಿಡಿಸಿದ. ಆ ತಾಯಿಯನ್ನ ಸ್ಕೂಟರಿನ ನಡುವೆ ಕೂರಿಸಿ, ಬಿಗಿಯಾಗಿ ಹಿಡ್ಕೊಳೋಕೆ ಗೆಳೆಯ ದಿಲೀಪನನ್ನ ಹಿಂದೆ ಹತ್ತಿಸಿಕೊಂಡ. ಸಿಗ್ನಲ್ಲಿನ ಕ್ಯಾಮೆರಾ ಮೂರು ತಲೆ ಎಣಿಸಿ ತ್ರಿಬಲ್ ರೈಡಿಂಗ್ ಅಂತ ದಂಡ ಜಡಿಯಿತು. ಫೋಟೋ ಹೋಗಿದ್ದು ಯಾರ ಫೋನಿಗೆ? ಗಾಡಿ ಹೆಂಡತಿ ಹೆಸರಲ್ಲಿತ್ತು!

ಮಸಕು ಫೋಟೋದಲ್ಲಿ ಉದ್ದ ಜಡೆಯ ಹೆಂಗಸೊಬ್ಬಳು ಗಂಡನ ಬೆನ್ನಿಗೆ ಅಂಟಿಕೊಂಡು ಕೂತಿದ್ದಳು. "ಅದು ಧನ್ಯಾ ಮನೆ ದೇವರು ಕಣೇ" ಅಂದರೆ ಯಾವ ಹೆಂಡತಿ ನಂಬ್ತಾಳೆ? "ಜಡ್ಜ್ ಹೇಳಲಿ, ನಂಬ್ತೀನಿ" ಅಂದು ಬಸ್ಸು ಹತ್ತಿದಳು.

"ನನ್ನ ಬಾಯಿಗಿಂತ ವಕೀಲ ಬೇಕೇನ್ಲಾ?" ಅಂತ ದಿಲೀಪನಿಗೆ ಅಂದು, ದಂಡ ಕಟ್ಟದೆ ಧರ್ಮೇಂದ್ರ ತಾನೇ ಕೋರ್ಟಲ್ಲಿ ನಿಂತ. ಯಶಸ್ವಿನಿಯೂ ಬಂದು ಹಿಂದಿನ ಬೆಂಚಲ್ಲಿ ಮುಖ ಊದಿಸಿಕೊಂಡು ಕೂತಳು.

"ದೇವರು ಅನ್ನೋಕೆ ಸಾಕ್ಷಿ ಏನಪ್ಪಾ?" ಅಂದರು ಜಡ್ಜು.

"ಆಚೆ ಕುಂತವ್ಳೆ ಸಾ!"

ಫೋಟೋಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು ಅಂತ ಅದೇ ಅಂಗಡಿಯಲ್ಲಿ ಅದೇ ಸೀರೆ ಉಡಿಸಿ ತಂದಿದ್ದ, ಬುದ್ಧಿವಂತ. ದಿಲೀಪನೂ ಅವನೂ ಲಕ್ಷ್ಮಿಯನ್ನ ಹೊತ್ತು ಒಳಗೆ ತಂದರು. ದಂಡ ಹಾಕಿದ ಇಲಾಖೆಯ ಪೊಲೀಸಪ್ಪನೇ ಮೊದಲು ಬೂಟು ಕಳಚಿ ಕೈ ಮುಗಿದ. ಜಡ್ಜು ನಗು ತಡೆಯೋಕೆ ಕೆಮ್ಮಿದರು. "ಹೆಂಗಸಲ್ಲ, ಸರಿ. ಕೇಸು ವಜಾ" ಅಂದರು.

ಧರ್ಮೇಂದ್ರನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೀಸೆ ತಿರುವಿ ಹೆಂಡತಿ ಕಡೆ ತಿರುಗಿದ. ಅವಳು ಎದ್ದು ಬರುತ್ತಿದ್ದಳು. ಬಂದವಳು ಗಂಡನ ಮುಖ ನೋಡಲಿಲ್ಲ, ಲಕ್ಷ್ಮಿಯ ಸೆರಗು ಹಿಡಿದು ಅಂಚು ತಿರುವಿ ನೋಡಿದಳು.

"ರೀ, ಇದು ನನ್ನ ಧಾರೆ ಸೀರೆ ಅಲ್ವಾ? ಬೀರುವಿಂದ ತೆಗ್ದು ನಿಮ್ ತಂಗಿ ಮನೆ ಲಕ್ಷ್ಮಿಗೆ ಉಡ್ಸಿದ್ರಾ?"

ಧರ್ಮೇಂದ್ರ ಜಡ್ಜಿನ ಕಡೆ ತಿರುಗಿ ಎರಡೂ ಕೈ ಜೋಡಿಸಿಬಿಟ್ಟ.

"ಸಾ, ನಿಮ್ ದಮ್ಮಯ್ಯ, ಅದು ಹೆಂಗ್ಸೇ ಅಂತ ಬರ್ಕೊಂಬುಡಿ ಸಾ!"