ಹೊಸಬಾಳೆಯ ಮುಯ್ಯಾಳು

ಶಿಕ್ಷಕರ ವೃತ್ತಿನೀತಿಯ ಮೇಲೆ ಪಿಎಚ್‌ಡಿ ಮಾಡಿದವರು ಇಡೀ ಶಿಕಾರಿಪುರದಲ್ಲಿ ಜಗದಾಂಬ ಒಬ್ಬರೇ. ಅದರಿಂದ ಊರಿಗೇನು ಲಾಭ ಎಂದು ಕೇಳಬೇಡಿ, ಅವರಿಗೇ ಲಾಭವಾಗಿರಲಿಲ್ಲ. ಸೊರಬದ ಒಂದು ಬಿ.ಎಡ್. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ನೀತಿ ಪಾಠ ಮಾಡುತ್ತಿದ್ದರು. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಈ ಸಲ ತಪಾಸಣೆಗೆ ಬರುವ ಸಮಿತಿ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಮನೆ.

ತೊಡಕೇನೆಂದರೆ, ಆ ಪಾಠ ಕೇಳಲು ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಇರಲಿಲ್ಲ. ಫೀಸು ಕಟ್ಟಿದವರು ಪರೀಕ್ಷೆಗೆ ಮಾತ್ರ ಮುಖ ತೋರಿಸುತ್ತಿದ್ದರು. ಪ್ರಿನ್ಸಿಪಾಲ್ ಕೊಟ್ರೇಶ್ ಪಕ್ಕದ ಹಳ್ಳಿ ಹೊಸಬಾಳೆಗೆ ಹೋಗಿ ಮುಯ್ಯಾಳು ಗೊತ್ತು ಮಾಡಿಕೊಂಡು ಬಂದರು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ, ಕೂಲಿಯ ಮಾತಿಲ್ಲ. ಅದೇ ಹಳೇ ಪದ್ಧತಿ. ಹೊಸಬಾಳೆಯವರು ಒಂದು ದಿನ ಕ್ಲಾಸಿನಲ್ಲಿ ಕೂರುವುದು, ಕಾಲೇಜಿನವರು ಒಂದು ದಿನ ಅವರ ಭತ್ತದ ನಾಟಿಗೆ ಹೋಗುವುದು.

"ಇದು ಮೋಸ ಅಲ್ವಾ ಸಾರ್?" ಎಂದರು ಜಗದಾಂಬ.

"ಸುಳ್ಳು ಹೇಳ್ರಿ ಅಂದ್ನಾ ನಾನು? ಪಾಠ ಮಾಡ್ರಿ ಅಂದೆ. ಎದುರಿಗೆ ಕೂತು ಕೇಳ್ದೋರೆಲ್ಲ ವಿದ್ಯಾರ್ಥಿಗಳೇ ಕಣ್ರಿ."

ಕಾಯಂ ಕೆಲಸದ ಆಸೆ ಬಲು ಕೆಟ್ಟದ್ದು. ಜಗದಾಂಬ ಪಾಠದ ತಯಾರಿಗೆ ಕೂತರು.

ಗುರುವಾರ ಸಮಿತಿ ಬಂತು. ಮೊದಲ ಬೆಂಚಿನಲ್ಲಿ ಹೊಸಬಾಳೆಯ ಗುತ್ಯಮ್ಮ ಯೂನಿಫಾರಂ ಸೀರೆ ಉಟ್ಟು, ಪೆನ್ನು ಹಿಡಿದು ಕೂತಿದ್ದಳು. ಟೀಚರ್ ಯಾಕಾಗಬೇಕು ನೀನು ಎಂದು ಅಧ್ಯಕ್ಷರು ಅವಳನ್ನೇ ಕೇಳಿದರು.

"ಮನೇಲಿ ಕುರಿ ಕಾಯ್ತೀನಿ ಸ್ವಾಮಿ. ಒಂದೂ ಹೇಳಿದ್ದು ಕೇಳಲ್ಲ. ಮಕ್ಕಳಾದ್ರೂ ಕೇಳ್ತಾವೇನೋ ಅಂತ."

ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ಇಂಥ ತಳಮಟ್ಟದ ಅನುಭವ ಯಾವ ಕಾಲೇಜಿನಲ್ಲೂ ಕಂಡಿಲ್ಲ ಎಂದರು. ಆಮೇಲೆ ಜಗದಾಂಬರ ಕಡೆ ತಿರುಗಿ, ಶಿಕ್ಷಕರಿಗೆ ಮುಖ್ಯವಾಗಿ ಬೇಕಾದ ಗುಣ ಯಾವುದು ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ಪ್ರಾ... ಪ್ರಾಮಾ..." ಎಂದವರಿಗೆ ನಾಲಿಗೆ ಮುಂದಕ್ಕೆ ಹೊರಳಲಿಲ್ಲ. ಸೀಮೆಸುಣ್ಣ ಕೈಜಾರಿತು. ಹೆಸರು ಕೇಳಿದರೆ ಅದಕ್ಕೂ ತಡವರಿಸಿದರು.

ಸಂಜೆ ಅಧ್ಯಕ್ಷರು ಕೊಟ್ರೇಶರನ್ನು ಪಕ್ಕಕ್ಕೆ ಕರೆದರು. "ವಿದ್ಯಾರ್ಥಿಗಳೆಲ್ಲ ಅಸಲಿ. ಆ ಮೇಡಂ ಮಾತ್ರ ಒಂದು ದಿನಕ್ಕೆ ಕರ್ಕೊಂಡು ಬಂದೋರು. ನನ್ ಕಣ್ಣಿಗೇ ಮಣ್ಣೆರಚ್ತೀರೇನ್ರಿ?"

ಜಗದಾಂಬ ಸರ್ಟಿಫಿಕೇಟುಗಳನ್ನು ತಂದು ಹರಡಿದರು. ಇಂಥವು ಎಲ್ಲಿ ಬೇಕಾದರೂ ಸಿಗುತ್ತವೆ ಎಂದು ಅಧ್ಯಕ್ಷರು ನಕ್ಕರು. ಸೋಮವಾರ ಮಧ್ಯಾಹ್ನ ಮತ್ತೆ ಬರುತ್ತೇವೆ, ಅಸಲಿ ಲೆಕ್ಚರರ್ ಇದ್ದರೆ ನಿಲ್ಲಿಸಿ ಎಂದು ಹೇಳಿ ಹೊರಟರು.

ಹೊಸಬಾಳೆಯ ನಾಟಿಯೂ ಅದೇ ಸೋಮವಾರ. ಕೊಟ್ರೇಶರಿಗೆ ಬೆನ್ನುನೋವು, ಉಳಿದ ಲೆಕ್ಚರರುಗಳಿಗೆಲ್ಲ ಯಾರದೋ ಮದುವೆ. ಕೊಟ್ಟ ಮಾತಿಗೆ ತಪ್ಪಬಾರದೆಂದು ವರ್ಷಗಟ್ಟಲೆ ಪಾಠ ಮಾಡಿದ ತಪ್ಪಿಗೆ ಜಗದಾಂಬ ಒಬ್ಬರೇ ಬೆಳಗ್ಗೆ ಎದ್ದು ಹೋಗಿ ಕೆಸರಿಗಿಳಿದರು. ಮಧ್ಯಾಹ್ನದೊಳಗೆ ಮುಗಿಸಿ ಕಾಲೇಜು ಸೇರಿದರಾಯಿತು ಎಂದುಕೊಂಡಿದ್ದರು.

ಸಮಿತಿಯ ಜೀಪು ಬೇಗ ಬಂತು. ಬಂದದ್ದು ಆ ಗದ್ದೆಯ ಪಕ್ಕದ ರಸ್ತೆಯಲ್ಲೇ.

"ನೋಡಿದ್ರಾ, ನಾನ್ ಹೇಳಿರ್ಲಿಲ್ವಾ?" ಎಂದು ಅಧ್ಯಕ್ಷರು ಜೊತೆಯವರಿಗೆ ತೋರಿಸುತ್ತಾ ಇಳಿದರು.

ಗುತ್ಯಮ್ಮ ಬದುವಿಗೆ ಓಡಿ ಬಂದಳು. "ಅವ್ರು ಮೇಡಮ್ಮೋರೇ ಸ್ವಾಮಿ. ಕೂಲಿಯೋಳಾಗಿದ್ರೆ ಇಷ್ಟು ಸೊಟ್ಟ ನೆಡ್ತಿದ್ರಾ?"

"ಓದ್ತಾ ಓದ್ತಾ ಗದ್ದೆ ಕೆಲಸಾನೂ ಮಾಡ್ತೀಯಲ್ಲ, ಭೇಷ್. ಆದ್ರೆ ಅವಳ ಪರವಾಗಿ ಸುಳ್ಳು ಹೇಳ್ಬೇಡ," ಎಂದು ಅಧ್ಯಕ್ಷರು ಜಗದಾಂಬರ ಕಡೆ ನೋಡಿದರು. "ನಿಜ ಹೇಳಮ್ಮ, ಕೂಲಿಗೆ ಬಂದೋಳು ತಾನೆ ನೀನು?"

ಜಗದಾಂಬ ಸೊಂಟ ನೆಟ್ಟಗೆ ಮಾಡಿ ನಿಂತರು. ಹೂಂ ಅಂದರೂ ಕೆಲಸ ಹೋಯಿತು, ಇದ್ದದ್ದು ಹೇಳಿದರೂ ಹೋಯಿತು. ಹೋಗುವುದಾದರೆ ಹೋಗಲಿ ಎನಿಸಿತು.

"ಅಲ್ಲ ಸಾರ್. ಮುಯ್ಯಾಳಿಗೆ ಬಂದೆ. ಗುರುವಾರ ಇವ್ರೆಲ್ಲ ನಮ್ಮ ಕ್ಲಾಸಲ್ಲಿ ಬಂದು ಕೂತಿದ್ರಲ್ಲ, ಅದನ್ನ ತೀರಿಸ್ತಿದೀನಿ."

ನಾಲಿಗೆ ತೊದಲಲಿಲ್ಲ.

"ಈಗ ನಂಬ್ತೀನಿ ಮೇಡಂ. ನೀವು ಅಸಲಿ ನೀತಿ ಲೆಕ್ಚರರೇ," ಎಂದು ಅಧ್ಯಕ್ಷರು ಕೈಮುಗಿದರು. "ಹಾಗಾದ್ರೆ ಕಾಲೇಜು ಸುಳ್ಳು. ಇವತ್ತೇ ಮುಚ್ಚಿಸ್ತೀನಿ."

ಜೀಪು ಹೋಯಿತು. ಅನ್ನ ಹೋದ ಸಂಕಟ, ಒಬ್ಬರಾದರೂ ನಂಬಿದರಲ್ಲ ಎಂಬ ಸಂತೋಷ, ಎರಡೂ ಒಟ್ಟಿಗೆ ನುಗ್ಗಿ ಜಗದಾಂಬ ಗದ್ದೆಯ ನಡುವೆ ನಿಂತು ಗಳಗಳನೆ ಅತ್ತರು.

"ಅಳೋದಾದ್ರೆ ಬದುವಿನ ಮೇಲೆ ಬಂದು ಅಳ್ರಿ ಮೇಡಮ್ಮೋರೆ," ಎಂದಳು ಗುತ್ಯಮ್ಮ. "ಸಸಿ ತುಳೀತಿದೀರಿ."