ಮೂರು ಕೆರೆಯ ಪಣ

ಹದಿನೇಳು ವರ್ಷ ಶಾಲೆಯ ಬಸ್ಸು ಓಡಿಸಿದವಳು ರಜೆಯಲ್ಲಾದರೂ ಸ್ಟಿಯರಿಂಗ್ ಬಿಟ್ಟು ಮಂಚದ ಮೇಲೆ ಕಾಲು ಚಾಚುತ್ತಾಳೆ ಎಂದು ಮನೆಯವರೆಲ್ಲ ತಿಳಿದಿದ್ದರು. ಅವಳೋ, ರಜೆಯ ಕೊನೆಯ ವಾರ ಬಸ್ಸಿಗಿಂತ ಗೇಣು ಮಾತ್ರ ಗಿಡ್ಡವಿದ್ದ ಕ್ಯಾರವಾನ್ ಒಂದನ್ನು ಬಾಡಿಗೆಗೆ ತಂದು ಬಾಗಿಲ ಮುಂದೆ ನಿಲ್ಲಿಸಿದಳು. ಒಳಗೆ ಒಲೆ, ಸಿಂಕು, ಮಡಚುವ ಮೇಜು, ನಾಲ್ಕು ಮಂಚ, ಕೂತರೆ ಮೊಣಕಾಲು ಗೋಡೆಗೆ ತಾಗುವಂಥ ಕಕ್ಕಸು. ಐದು ದಿನ, ಮೂರು ಕೆರೆ, ವಾಪಸು ಮನೆ ಎಂದಳು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ, “ಮನೆಗೇ ಚಕ್ರ ಹಾಕಿಸ್ಕೊಂಡು ಬಂದಿದಾಳೆ,” ಎಂದರು. ಅಲ್ಲಿಂದಾಚೆಗೆ ಎಲ್ಲರಿಗೂ ಅದು ಮನೆಗಾಡಿಯೇ ಆಯಿತು.

ಗಂಡ ಗಡಿಯಾರ ರಿಪೇರಿಯವನು. ಸಾಸಿವೆಕಾಳಿನಷ್ಟು ಸ್ಕ್ರೂ ಕಳೆದುಹೋದರೆ ಅರ್ಧ ದಿನ ನೆಲದ ಮೇಲೆ ಬೋರಲಾಗಿ ಮಲಗಿ ಹುಡುಕುವಷ್ಟು ತಾಳ್ಮೆ. ಮನೆಗಾಡಿಯ ಕೈಪಿಡಿಯನ್ನು ಎರಡು ಸಲ ಓದಿ, ಕೊಳೆನೀರಿನ ಟ್ಯಾಂಕು, ಕರೆಂಟಿನ ವೈರು ತನ್ನ ಖಾತೆ ಎಂದು ಘೋಷಿಸಿದ. ಹದಿನಾಲ್ಕರ ಮಗಳು ತೆಳ್ಳಗಿದ್ದುದರಿಂದ ಮನೆಯಲ್ಲಿ ಅವಳಿಗೆ ಕಡ್ಡಿ ಎಂದೇ ಹೆಸರು. ಅವಳು ಮೇಲಿನ ಮಂಚ ಹಿಡಿದಳು. ಅತ್ತೆ ಮಾತ್ರ ಯಾರನ್ನೂ ಕೇಳದೆ ಮುಂದೆ, ಡ್ರೈವರಿನ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡರು. “ಹಿಂದೆ ಕೂತ್ರೆ ನಂಗೆ ತಲೆ ಸುತ್ತುತ್ತೆ,” ಎಂದರು. ಅವರಿಗೆ ತಲೆ ಸುತ್ತಿದ್ದನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಕಂಡಿರಲಿಲ್ಲ.

ಈ ಪ್ರವಾಸ ಯಾಕೆ ಎಂದು ಗೊತ್ತಿದ್ದದ್ದು ಗಾಡಿ ತಂದವಳೊಬ್ಬಳಿಗೇ. ಮೂರು ವಾರದ ಹಿಂದೆ ಹೊಸ ಕನ್ನಡಕಕ್ಕೆಂದು ಅಂಗಡಿಗೆ ಹೋದಾಗ, ಅಲ್ಲಿದ್ದ ಪರೀಕ್ಷಕಿ ಅವಳ ಗಲ್ಲವನ್ನು ಯಂತ್ರಕ್ಕೆ ಆನಿಸಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದಿದ್ದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: ಎಡಗಣ್ಣಿನ ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಬೇಗ ದೊಡ್ಡ ಡಾಕ್ಟರಿಗೆ ತೋರಿಸಿ. ಚೀಟಿ ಬರೆದುಕೊಟ್ಟಳು. ಚೀಟಿ ಕೈಚೀಲದ ತಳ ಸೇರಿತು. ನೇರ ಎದುರಿಗಿದ್ದುದೆಲ್ಲ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಶಾಲೆಯವರು ವರ್ಷಕ್ಕೊಮ್ಮೆ ಮಾಡಿಸುವ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿದರೆ ಮುಗಿಯಿತು. ಅದನ್ನು ಅವಳು ನಿದ್ದೆಗಣ್ಣಲ್ಲೂ ಓದಿಯಾಳು. ಹಾಗಾಗಿ ಯಾರಿಗೂ ಗೊತ್ತಾಗುವ ಹೆದರಿಕೆ ಇರಲಿಲ್ಲ. ಇದ್ದದ್ದು ಅವಳದೇ ಹೆದರಿಕೆ.

ಸೋಮವಾರ ಶಾಲೆ ಶುರು. ನಲವತ್ತೆರಡು ಮಕ್ಕಳು. ಯಾರು ಯಾವ ತಿರುವಿನಲ್ಲಿ ವಾಂತಿ ಮಾಡುತ್ತಾರೆ, ಯಾರು ಅಪ್ಪ ಅಮ್ಮ ಜಗಳ ಆಡಿದ ದಿನ ಕೊನೆಯ ಸೀಟಿಗೆ ಹೋಗಿ ಕೂರುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಆ ಬಸ್ಸು ಬಿಟ್ಟರೆ ತಾನು ಯಾರು ಎಂದು ಯೋಚಿಸಿದಾಗಲೆಲ್ಲ ಎದ್ದು ಹೋಗಿ ಬಸ್ಸಿನ ಕೀಲಿ ಮುಟ್ಟಿ ನೋಡುತ್ತಿದ್ದಳು. ಕೊನೆಗೆ ತನ್ನೊಳಗೇ ಒಂದು ಪಣ ಕಟ್ಟಿದಳು. ಈ ಆನೆಯಂಥ ಗಾಡಿಯನ್ನು ಮೂರು ಕೆರೆ ಸುತ್ತಿಸಿ ಒಂದು ಗೀರೂ ಬೀಳದಂತೆ ನಿಲ್ಲಿಸಿದರೆ ಸೋಮವಾರ ಬಸ್ಸು ಹತ್ತುವುದು. ಗೀರು ಬಿದ್ದರೆ ಕೀಲಿ ಕೊಟ್ಟುಬಿಡುವುದು. ಮೂರ್ಖ ಪಣ, ನಿಜ. ಆದರೆ ಹೆದರಿದವರು ಕಟ್ಟುವ ಪಣ ಇನ್ನು ಹೇಗಿರುತ್ತದೆ?

ಮೊದಲ ಕೆರೆಯ ದಾರಿಯುದ್ದಕ್ಕೂ ಅತ್ತೆಯ ಬಾಯಿ ಮುಚ್ಚಲಿಲ್ಲ. “ಆಹಾ, ಎಂಥಾ ಕಲ್ಲಿನ ಗೋಡೆ ನೋಡು, ರಸ್ತೆಗೇ ಬಂದ್ಬಿಟ್ಟಿದೆ!” “ಅಗೋ, ಆ ಸೈಕಲ್ಲಿನವನ ಟೋಪಿ ಎಷ್ಟು ಚೆನ್ನಾಗಿದೆ!” “ಪಾಪ, ಆ ನಾಯಿ ದಾಟ್ಲೋ ಬೇಡ್ವೋ ಅಂತ ನಿಂತಿದೆ!” ಕತ್ತು ತಿರುಗಿಸಿ ತಿರುಗಿಸಿ ಎಡಗಡೆಯ ಕನ್ನಡಿ ನೋಡುತ್ತಿದ್ದವಳಿಗೆ ಕತ್ತಿಗಿಂತ ಕಿವಿಯೇ ಹೆಚ್ಚು ನೋಯತೊಡಗಿತು. ಆದರೂ ಮನೆಗಾಡಿಯನ್ನು ಎರಡು ಮರಗಳ ನಡುವಿನ ಜಾಗಕ್ಕೆ ಹಿಮ್ಮುಖವಾಗಿ, ಸೂಜಿಗೆ ದಾರ ಪೋಣಿಸಿದ ಹಾಗೆ ಒಳಸೇರಿಸಿದಳು. ಕೆರೆದಂಡೆಯ ಇಂಥ ಗಾಡಿಗಳ ಕ್ಯಾಂಪಿನಲ್ಲಿ ಯಾರಾದರೂ ಹಿಮ್ಮುಖ ಬಂದರೆ ಉಳಿದವರೆಲ್ಲ ಕುರ್ಚಿ ಈ ಕಡೆ ತಿರುಗಿಸಿ ತಮಾಷೆ ನೋಡುತ್ತಾರೆ. ಈ ಸಲ ಅವರಿಗೆ ನಿರಾಸೆಯಾಯಿತು.

ಗಂಡ ವೈರು ಸಿಕ್ಕಿಸಿ, ಪೈಪು ಜೋಡಿಸಿ, ನಾಲ್ಕು ಕುರ್ಚಿಯನ್ನು ನೀರಿನ ಕಡೆ ಮುಖ ಮಾಡಿ ಸಾಲಾಗಿ ಇಟ್ಟ. ಅವಳು ಕೂತಳು, ಎದ್ದಳು, ಟೈರು ಒದ್ದು ನೋಡಿದಳು, ದಡದವರೆಗೆ ಹೋಗಿ ಬಂದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಒಂದು ಸಲ ಸರಿಯಾಗಿ ನಿಲ್ಲಿಸಿದ್ದು ಅದೃಷ್ಟವಿದ್ದೀತು, ಇನ್ನೊಮ್ಮೆ ನೋಡಬೇಕು ಎನಿಸಿತು. ಎರಡು ದಿನ ಇರಬೇಕಾದ ಜಾಗದಿಂದ ಮರುದಿನ ಬೆಳಿಗ್ಗೆಯೇ, “ಹೊರಡೋಣ್ವಾ?” ಎಂದಳು.

“ಏನೇ ಇದು, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?” ಎಂದ ಗಂಡ. “ಇನ್ನೂ ಕುರ್ಚಿ ಬೆಚ್ಚಗಾಗಿಲ್ಲ.”

“ಮುಂದಿನ ಕೆರೆ ಇದಕ್ಕಿಂತ ಚೆನ್ನಾಗಿದೆಯಂತೆ ರೀ.”

“ಅಮ್ಮ, ನೀರು ಎಲ್ಲಾ ಕಡೆ ಒದ್ದೇನೇ ಇರುತ್ತೆ,” ಎಂದಳು ಕಡ್ಡಿ ಮೇಲಿನ ಮಂಚದಿಂದ.

ಎರಡನೆಯ ಕೆರೆಯ ದಾರಿ ಇನ್ನೂ ಕಿರಿದು. ಅಲ್ಲೂ ಗೀರು ಬೀಳಲಿಲ್ಲ. ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ರಜೆಗೆ ಮುಂಚೆ ಒಂದು ದಿನ ಬಸ್ಸಿನ ಎಡಗನ್ನಡಿ ಶಾಲೆಯ ಗೇಟಿಗೆ ತಾಗಿ ಮಡಚಿಕೊಂಡದ್ದು ನೆನಪಾಗುತ್ತಿತ್ತು. ಗೇಟಿನವನು ಪೂರ್ತಿ ತೆರೆದಿರಲಿಲ್ಲ ಎಂದು ಅಂದು ಅವನ ಮೇಲೇ ರೇಗಿದ್ದಳು. ಗೇಟು ಪೂರ್ತಿ ತೆರೆದೇ ಇತ್ತು. ಆ ನೆನಪು ಚಪ್ಪಲಿಯೊಳಗಿನ ಮರಳಿನಂತೆ ಎಲ್ಲಿ ಹೋದರೂ ಜೊತೆಗೇ ಬಂತು. ಮಾರನೆಯ ದಿನ, ಶುಕ್ರವಾರ, ಮತ್ತೆ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದಳು. ಗಂಡ ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟ.

ಮೂರನೆಯ ಕೆರೆಗೆ ಇನ್ನೇನು ಎರಡು ಮೈಲಿ. ಅತ್ತೆ ಎಂದಿನಂತೆ ಶುರುಮಾಡಿದ್ದರು. “ಅಯ್ಯೋ, ಆ ಕೈಗಾಡಿಯ ತುಂಬ ಹೂಕುಂಡ! ನೋಡು, ಪಕ್ಕದಲ್ಲೇ ಬರ್ತಿದಾನೆ. ಆ ಕಂಬ ಎಷ್ಟು ವಾಲಿದೆ ನೋಡು...”

ಅವಳಿಗೆ ತಡೆಯಲಾಗಲಿಲ್ಲ. “ಅತ್ತೆ, ಸಾಕು! ಮೂರು ದಿನದಿಂದ ಕಂಬ, ನಾಯಿ, ಟೋಪಿ! ದಯವಿಟ್ಟು ಐದು ನಿಮಿಷ ಸುಮ್ನಿರಿ!”

ಇಪ್ಪತ್ತು ವರ್ಷದಲ್ಲಿ ಅತ್ತೆಯ ಎದುರು ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ಹಿಂದೆ ಗಂಡ ಕೆಮ್ಮಿದ. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬಾಯಿ ಬಿಗಿದರು. ಮಾತಿನ ಸದ್ದು ನಿಂತದ್ದೇ ಗಾಡಿಯೊಳಗೆ ಇಂಜಿನ್ನು, ತಟ್ಟೆಗಳ ಕಿಣಿಕಿಣಿ ಮಾತ್ರ ಉಳಿಯಿತು. ಹಾಯೆನಿಸಿತು ಅವಳಿಗೆ. ಕ್ಯಾಂಪಿನ ಗೇಟು ಬಂತು. ಎಡಕ್ಕೆ ತಿರುವು. ಎದುರು ಖಾಲಿ. ಕನ್ನಡಿ ನೋಡಿದಳು, ಅದೂ ಖಾಲಿ. ತಿರುಗಿಸಿದಳು.

“ನಿಲ್ಸು!” ಎಂದು ಕಿರುಚಿ ಅತ್ತೆ ಅವಳ ತೋಳು ಹಿಡಿದೆಳೆದರು.

ಬ್ರೇಕಿಗೆ ಒಳಗಿನ ಸಾಮಾನೆಲ್ಲ ಮುಂದಕ್ಕೆ ಹಾರಿತು. ಪಾತ್ರೆಯೊಂದು ಉರುಳುತ್ತಾ ಬಂದು ಅವಳ ಹಿಮ್ಮಡಿಗೆ ತಾಗಿತು. ಗಾಡಿಯ ಎಡಮೂಲೆಯಿಂದ ಒಂದು ಮೊಳ ದೂರದಲ್ಲಿ, ತಲೆಯ ಮೇಲೆ ಗಾಳಿ ತುಂಬಿದ ಹಳದಿ ದೋಣಿ ಹೊತ್ತ ಮನುಷ್ಯನೊಬ್ಬ ನಡೆದು ಹೋಗುತ್ತಿದ್ದ. ದೋಣಿ ಕತ್ತಿನವರೆಗೆ ಮುಚ್ಚಿದ್ದರಿಂದ ಅವನಿಗೂ ಏನೂ ಕಂಡಿರಲಿಲ್ಲ. ಏನೋ ಹಾಡಿಕೊಳ್ಳುತ್ತಾ ಹಾಗೇ ಕೆರೆಯ ಕಡೆ ಇಳಿದು ಹೋದ. ಅಷ್ಟು ದೊಡ್ಡ ಹಳದಿ ದೋಣಿ! ಅದು ಬಂದದ್ದು ಅವಳಿಗೆ ಕಾಣಲೇ ಇಲ್ಲ. ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಕೂತಳು.

“ಹೋಗು ಈಗ, ನಿಧಾನ,” ಎಂದರು ಅತ್ತೆ. ಆಮೇಲೆ ಜಾಗ ಸೇರುವವರೆಗೆ ಒಂದೊಂದೇ ಹೇಳುತ್ತಾ ಬಂದರು. “ಎಡಗಡೆ ಕಲ್ಲಿದೆ. ಎಡಗಡೆ ಯಾರೂ ಇಲ್ಲ. ಈಗ ಬಾ.” ಟೋಪಿಯಿಲ್ಲ, ಹೂವಿಲ್ಲ, ಬಣ್ಣನೆಯಿಲ್ಲ.

ಗಂಡ ಇಳಿದು ಮನೆಗಾಡಿಯ ಸುತ್ತ ಒಂದು ಸುತ್ತು ಬಂದು, “ಏನೂ ಆಗಿಲ್ಲ ಕಣೇ, ಒಂದು ಗೀರೂ ಇಲ್ಲ,” ಎಂದ. ಹಾಗೆ ನೋಡಿದರೆ ಪಣ ಅವಳೇ ಗೆದ್ದಿದ್ದಳು. ಅವನು ಪೈಪು ಜೋಡಿಸಲು ಹೋದ. ಕಡ್ಡಿ ಬಿದ್ದ ಸಾಮಾನು ಎತ್ತಿಡುತ್ತಿದ್ದಳು. ಸೊಸೆ ಅತ್ತೆಯ ಹಿಂದೆಯೇ ಪಾತ್ರೆ ತೊಳೆಯುವ ನಲ್ಲಿಯ ಕಡೆಗೆ ನಡೆದಳು.

“ಯಾವಾಗಿಂದ ಗೊತ್ತು ಅತ್ತೆ?”

ಅತ್ತೆ ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. “ರಜೆ ಶುರುವಾದಾಗಿಂದ. ಮನೇಲಿದ್ಯಲ್ಲ, ಕಣ್ಣಿಗೆ ಬಿತ್ತು. ಅಡಿಗೆಮನೆ ಬಾಗಿಲಿಗೆ ದಿನಾ ಎಡಭುಜ ಹೊಡ್ಕೋತಿದ್ದೆ. ನಾನು ಎಡಗಡೆ ಬಂದು ನಿಂತ್ರೆ ಬೆಚ್ಚಿ ಬೀಳ್ತಿದ್ದೆ. ಅತ್ತೆ ಅಂದ್ರೆ ಬೆಚ್ಚೋದು ಸರಿ, ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ಯಾರಮ್ಮ ಬೆಚ್ತಾರೆ?”

“ಹೇಳ್ಬಾರದಿತ್ತಾ?”

“ಹೇಳಿದ್ರೆ ಒಪ್ತಿದ್ಯಾ? ನನ್ನನ್ನೇ ಕಣ್ಣಿನ ಡಾಕ್ಟರ್ ಹತ್ರ ಕಳಿಸ್ತಿದ್ದೆ.”

ಅದು ನಿಜವೇ ಆಗಿತ್ತು. ಮೂರು ಕೆರೆಯ ದಾರಿಯುದ್ದಕ್ಕೂ ಗಾಡಿ ಓಡಿಸಿದ್ದು ತಾನು, ಎಡಗಡೆ ನೋಡಿದ್ದು ಈ ಎಪ್ಪತ್ತೊಂದರ ಮುದುಕಿ. ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. “ಈಗೇನು, ಮನೆಗೆ ಯಾರು ಓಡಿಸೋದು? ನಿಮ್ಮ ಮಗನಾ?” ಎಂದಳು.

“ಓಡಿಸ್ಲಿ, ಅವನಿಗೂ ಲೈಸೆನ್ಸಿದೆ. ಬೇಗ ಹೋಗೋಕೆ ಅವನಿಗೆ ಬರಲ್ಲ, ಮುಂದಿನ ವಾರ ಸೇರ್ತೀವಿ ಬಿಡು.” ಅತ್ತೆ ನಲ್ಲಿ ನಿಲ್ಲಿಸಿದರು. ಒದ್ದೆ ಕೈಯಲ್ಲೇ ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಐದು ದಿನ ನಾಲ್ಕು ಜೀವಕ್ಕೆ ನನ್ನ ಬಾಯಿ ಸಾಕು ಅಂದ್ಕೊಂಡೆ. ನಲವತ್ತೆರಡು ಮಕ್ಕಳ ಪಕ್ಕ ಯಾರನ್ನ ಕೂರಿಸ್ತೀಯಮ್ಮ?”

ಅವಳು ಅತ್ತಳು. ಸದ್ದು ಮಾಡದೆ ಅಲ್ಲ, ಚೆನ್ನಾಗಿಯೇ ಅತ್ತಳು. ಅತ್ತೆ ತಡೆಯಲಿಲ್ಲ, ತೊಳೆದ ಲೋಟಗಳನ್ನು ಒಂದರೊಳಗೊಂದು ಇಡುತ್ತಾ ನಿಂತರು. ಆಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಫೋನು ತೆಗೆದು ಶಾಲೆಯ ಸಾರಿಗೆ ಮೇಲ್ವಿಚಾರಕರಿಗೆ ಕರೆ ಮಾಡಿದಳು. ಇನ್ನರ್ಧ ಗಂಟೆ ಕಳೆದರೆ ಮನಸ್ಸು ಬದಲಾದೀತೆಂಬ ಭಯ ಅವಳಿಗಿತ್ತು.

ಅವರು ಎತ್ತಿದರು. ಅವಳು ಮೆಲ್ಲಗೆ ಹೇಳಿದಳು.

“ಏನಂದ್ರಿ ಮೇಡಂ? ದನಿ ಒಡೀತಿದೆ. ಎಲ್ಲಿದೀರಿ?”

ಸಿಗ್ನಲ್ಲು ಒಂದೇ ಗೆರೆ. ಅವಳು ಎರಡು ಹೆಜ್ಜೆ ಮುಂದೆ ಹೋದಳು, ಎರಡು ಹೆಜ್ಜೆ ಹಿಂದೆ ಬಂದಳು, ಕೊನೆಗೆ ದಡದ ಸಿಮೆಂಟು ಬೆಂಚಿನ ಮೇಲೆ ಹತ್ತಿ ನಿಂತಳು. ಮತ್ತೊಮ್ಮೆ ಹೇಳಿದಳು.

“ಕೇಳಿಸ್ತಿಲ್ಲ ಮೇಡಂ. ಸೋಮವಾರ ಬೆಳಿಗ್ಗೆ ಬರ್ತೀರಲ್ಲ, ಆಗ ಮಾತಾಡೋಣ್ವಾ?”

ಹೂಂ ಎಂದರೆ ಸಾಕಿತ್ತು. ಸೋಮವಾರ ಬೆಳಿಗ್ಗೆ ಬಸ್ಸು ಕಾಯುತ್ತಿರುತ್ತದೆ, ಮಕ್ಕಳು ಕಾಯುತ್ತಿರುತ್ತಾರೆ, ಒಂದೇ ಒಂದು ಟ್ರಿಪ್ಪು ಮುಗಿಸಿ ಹೇಳಬಹುದು. ಹೂಂ ಬಾಯಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿ, ಎದೆ ತುಂಬ ಉಸಿರೆಳೆದುಕೊಂಡು, ಬಸ್ಸಿನ ಕೊನೆಯ ಸೀಟಿಗೆ ಕೇಳಿಸುವ ದನಿಯಲ್ಲಿ ಕೂಗಿದಳು:

“ನಂಗೆ ಎಡಗಡೆ ಕಾಣಿಸಲ್ಲ ಸಾರ್! ಸೋಮವಾರ ಮಕ್ಕಳನ್ನ ನನ್ನ ಬಸ್ ಹತ್ತಿಸ್ಬೇಡಿ!”

ಕ್ಯಾಂಪಿನ ಕುರ್ಚಿಗಳೆಲ್ಲ ಅವಳ ಕಡೆ ತಿರುಗಿದವು. ಪೈಪು ಹಿಡಿದಿದ್ದ ಗಂಡ ಅದನ್ನು ನೆಲಕ್ಕೆ ಬಿಟ್ಟು ಓಡಿ ಬರುತ್ತಿದ್ದ.

“ಈಗ ಕೇಳಿಸ್ತು ಮೇಡಂ,” ಎಂದರು ಮೇಲ್ವಿಚಾರಕರು.