ಮೂಸುವ ಲೋಟದ ಆಯುಧಪೂಜೆ

ನಾನು ಒಂದು ಗಾಜಿನ ಲೋಟ. ಟೀ ಅಂಗಡಿಯ ಲೋಟ ಅಂದುಕೊಂಡೀರಿ ಮತ್ತೆ! ಕುಲುಮೆಯ ಮುಂದೆ ಒಬ್ಬ ಮುದುಕ ಕೊಳವೆಗೆ ಬಾಯಿಟ್ಟು ಊದಿದ. ಅವನ ಒಂದೇ ಉಸಿರಿಗೆ ನನ್ನ ಹೊಟ್ಟೆ ಉಬ್ಬಿತು, ಬಾಯಿ ಮಾತ್ರ ಕಿರಿದಾಗಿಯೇ ಉಳಿಯಿತು. ಪರಿಮಳ ಚದುರದೆ ನೇರ ಮೂಗಿಗೆ ಬರಲಿ ಎಂದೇ ಈ ಆಕಾರ. ನಾನು ಹುಟ್ಟಿದ್ದು ಕುಡಿಯುವುದಕ್ಕಲ್ಲ, ಮೂಸುವುದಕ್ಕೆ.

ನನ್ನಂಥವೇ ಇನ್ನೆರಡು ಲೋಟಗಳ ಜೊತೆ ಮೈಸೂರಿನ ಹೊರಗಿನ ಒಂದು ವಿಸ್ಕಿ ಕಾರ್ಖಾನೆಗೆ ಬಂದೆ. ಅಲ್ಲಿ ಚೆಂಗಪ್ಪನವರ ಮೂಗೇ ಕಾನೂನು. ಯಾವ ಪೀಪಾಯಿಯ ವಿಸ್ಕಿ ಬಾಟಲಿಗೆ ಹೋಗಬೇಕು, ಯಾವುದು ಹದವಾಗಲು ಇನ್ನೂ ಮಲಗಿರಬೇಕು ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದವರು ಅವರೇ. ಬೆಳಗಿನ ಕಾಫಿಗೂ ಮುಂಚೆ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿ ಮೂಸುವರು, ಒಂದು ತೊಟ್ಟು ನೀರು ಬಿಟ್ಟು ಮತ್ತೆ ಮೂಸುವರು, ಕೊನೆಗೆ ನಾಲಿಗೆಗೆ ತಾಗಿಸಿ ಉಗಿಯುವರು.

ಅವರ ಕೈಕೆಳಗೆ ಕಲಿಯಲು ಮಂಡ್ಯ ಕಡೆಯ ಹೇಮಾವತಿ ಬಂದಳು. ಕೆಮಿಸ್ಟ್ರಿ ಓದಿದವಳು. ಮೊದಲ ದಿನವೇ ಮುಡಿಯಲ್ಲಿ ಮಲ್ಲಿಗೆ.

"ಹೂವು ಹೊರಗಿಟ್ಟು ಬಾ ಮಾರಾಯ್ತಿ, ಇಲ್ಲೇನು ಪೀಪಾಯಿಗೆ ಮದುವೆಯಾ?" ಎಂದು ಚೆಂಗಪ್ಪ ಗದರಿದರು.

ಅವಳು ನನ್ನನ್ನು ಮೂಸಿ, ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದಳು. "ಪೇರ್ ಹಣ್ಣು ಸಾರ್, ವೆನಿಲಾ."

"ಪೇರ್ ಹಣ್ಣು ತಿಂದಿದ್ದೀಯಾ?"

"ಇಲ್ಲ ಸಾರ್."

"ಮತ್ತೆ? ನಿನ್ನ ಮೂಗಿಗೆ ಗೊತ್ತಿರೋದು ಹೇಳು. ಒಂದನ್ನೇ ಮೂಸಿದರೆ ಎಲ್ಲವೂ ಚೆನ್ನಾಗಿರುತ್ತೆ. ಪಕ್ಕದ್ದರ ಜೊತೆ ಇಟ್ಟು ನೋಡು, ಆಗ ಬಣ್ಣ ಬಯಲಾಗುತ್ತೆ."

ಅವಳು ಕಣ್ಣು ಮುಚ್ಚಿ ನಮ್ಮ ಮೂವರನ್ನೂ ಮೂಸಿದಳು. "ಇದು ಆಲೆಮನೆ ಸಾರ್, ಬೆಲ್ಲ ಪಾಕ ಬರೋ ಹೊತ್ತು. ಅದು ನಮ್ಮಜ್ಜಿ ಟ್ರಂಕು. ಈ ಮೂರನೇದು ಹಲಸಿನ ತೊಳೆ, ವಸಿ ಜಾಸ್ತಿನೇ ಹಣ್ಣಾಗೈತೆ."

ಚೆಂಗಪ್ಪ ಮೀಸೆಯಡಿಯಲ್ಲೇ ನಕ್ಕರು. ಹಾಗೆ ಎರಡು ವರ್ಷ ಕಲಿಸಿದರು.

ಆಯುಧಪೂಜೆ ಬಂತು. ಲಾರಿಗೂ ಪಂಪಿಗೂ ಕುಂಕುಮ ಬಿತ್ತು. "ನಮ್ಮ ಆಯುಧ ಇವೇ ಅಲ್ವಾ," ಎಂದು ಹೇಮಾವತಿ ನಮಗೂ ಬೊಟ್ಟಿಟ್ಟು ಕರ್ಪೂರ ಬೆಳಗಿದಳು. ಆಮೇಲೆ ತೊಳೆದು ಬೀರುವಿನಲ್ಲಿಟ್ಟಳು. ಉಳಿದ ಕರ್ಪೂರದ ಪೊಟ್ಟಣವನ್ನೂ ಅಲ್ಲೇ ಇಟ್ಟು ಬಾಗಿಲು ಹಾಕಿದಳು. ಎರಡು ದಿನ ರಜೆ. ಅಯ್ಯೋ, ನನ್ನ ಹೊಟ್ಟೆಯೆಲ್ಲ ದೇವಸ್ಥಾನವಾಯಿತು!

ರಜೆ ಮುಗಿದ ಬೆಳಗ್ಗೆ ಒಂದಷ್ಟು ಪೀಪಾಯಿಗಳ ತೀರ್ಪು ಆಗಬೇಕಿತ್ತು. ಚೆಂಗಪ್ಪ ನನಗೆ ವಿಸ್ಕಿ ಸುರಿದು ಮೂಗಿಟ್ಟರು. ಈಗ ಬಯ್ಯುತ್ತಾರೆ ಎಂದು ನಾಚಿಕೆಯಿಂದ ಕಾದೆ.

"ಶುದ್ಧವಾಗಿದೆ," ಎಂದರು.

ಹೇಮಾವತಿ ನನ್ನನ್ನೆತ್ತಿ ಮೂಸಿದಳು. ಮೇಜಿಗಿಳಿಸಿ ಗುರುವಿನ ಮುಖ ನೋಡಿದಳು. ಹೇಳಿದರೆ ಗುರುವಿನ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ನಾಳೆ ಕೆಟ್ಟ ಪೀಪಾಯಿಯೂ ಹೀಗೇ ದಾಟಿಹೋಗುತ್ತದೆ. ನನಗೇ ಸಂಕಟವಾಯಿತು.

"ಸಾರ್, ತಪ್ಪು ನಂದೇ. ಬೀರುನಲ್ಲಿ ಕರ್ಪೂರ ಮಡಗ್ಬುಟ್ಟಿದ್ದೆ. ಲೋಟ ಪೂರ್ತಿ ಅದೇ ವಾಸ್ನೆ."

ಅವರು ಮತ್ತೆ ಮೂಗಿಟ್ಟರು. ಇನ್ನೊಮ್ಮೆ. ಬಿಸಿಯುಸಿರು ನನ್ನ ಕಂಠಕ್ಕೆ ತಾಗುತ್ತಲೇ ಇತ್ತು.

"ಮಳೆಗಾಲದ ಮೊದಲಲ್ಲಿ ಜ್ವರ ಬಂತಲ್ಲ, ಆಮೇಲೆ ಮೂಗಿಗೆ ಏನೂ ಗೊತ್ತಾಗ್ತಿಲ್ಲ ಕಣಮ್ಮ," ಎಂದರು. "ನಾಲ್ಕು ತಿಂಗಳಿಂದ ನಿನ್ನ ಮುಖ ನೋಡಿ ತೀರ್ಪು ಹೇಳ್ತಿದ್ದೆ. ನೀನು ಹುಬ್ಬು ಗಂಟಿಕ್ಕಿದರೆ ಬೇಡ ಅಂತಿದ್ದೆ. ಇವತ್ತು ನಿನಗಿಂತ ಮೊದಲೇ ಬಾಯಿಬಿಟ್ಟು ಸಿಕ್ಕಿಬಿದ್ದೆ."

ಹೇಮಾವತಿ ಅತ್ತಳು. ಅವರು ಅಳಲಿಲ್ಲ. ಎದ್ದು ಹೋಗಿ ಮಾಲೀಕರಿಗೆ ತಾವೇ ಎಲ್ಲವನ್ನೂ ಹೇಳಿ ಬಂದರು.

ಈಗ ಆ ಕುರ್ಚಿ ಹೇಮಾವತಿಯದು. ಆಮೇಲೊಮ್ಮೆ ತೊಳೆಯುವಾಗ ಅಂಚು ಸೀಳಿದ ನಾನು ಚೆಂಗಪ್ಪನವರ ಮನೆಯ ಕಿಟಕಿಯಲ್ಲಿದ್ದೇನೆ. ನಿವೃತ್ತಿಯ ದಿನ ಅವರು ನನ್ನನ್ನೇ ಕೇಳಿ ಪಡೆದರು. ಭಾನುವಾರ ಅವಳು ಸಣ್ಣ ಶೀಷೆಯಲ್ಲಿ ವಿಸ್ಕಿ ತಂದು ನನಗೆ ಸುರಿಯುತ್ತಾಳೆ. ಅವಳು ಮೂಸಿ ಹೇಳುತ್ತಾಳೆ, ಅವರು ಕಣ್ಣು ಮುಚ್ಚಿ ಕೇಳುತ್ತಾರೆ.

"ಆಲೆಮನೆ ಸಾರ್."

"ಪಾಕ ಬಂದಿದೆಯಾ?"

"ಇನ್ನೊಂದು ಕುದಿ ಬೇಕು."

"ಹಾಗಾದರೆ ಮಲಗಿರಲಿ ಬಿಡು."

ಸೀಳಿದ ಲೋಟ, ಸತ್ತ ಮೂಗು, ಎರಡನ್ನೂ ಮೂಲೆಗೆ ಎಸೆಯಬಹುದಿತ್ತು. ಯಾರೂ ಎಸೆಯಲಿಲ್ಲ.

ಈ ಆಯುಧಪೂಜೆಗೆ ಚೆಂಗಪ್ಪ ನನಗೆ ಕುಂಕುಮವಿಟ್ಟರು. ಒಂದು ಗಳಿಗೆ ತಡೆದು, ಎದುರು ಕೂತಿದ್ದ ಹೇಮಾವತಿಯ ಮೂಗಿನ ತುದಿಗೂ ಒಂದು ಬೊಟ್ಟಿಟ್ಟರು.

"ಅವತ್ತು ಪೂಜೆ ಮಾಡುವಾಗ ಇದನ್ನೇ ಮರೆತಿದ್ದೆಯಲ್ಲ ಮಗಳೇ," ಎಂದರು.